ರೂಮಿಯ ಕಂಠ ಯಾರದ್ದು?

ನಮಸ್ಕಾರ ಎಲ್ಲರಿಗೂ. ಈ ಭಾನುವಾರ ಅಕ್ಕನ ಮಗಳು ಮನೆಗೆ ಬಂದಿದ್ದಳು. 'ಚಿಕ್ಕಿ, ಕೆಪಾಪ್ ಡೀಮನ್ ಹಂಟರ್ಸ್ ಹಾಕು' ಅಂತ ಒಂದೇ ಹಟ. 2025ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಅನಿಮೇಷನ್ ಸಿನಿಮಾ. ಕೆಪಾಪ್ ಅಂದರೆ ದಕ್ಷಿಣ ಕೊರಿಯಾದ ಪಾಪ್ ಸಂಗೀತ. ಅವಳಿಗೆ ಹಾಡೆಲ್ಲ ಬಾಯಿಪಾಠ. ನಾನು ಅವಳ ಜೊತೆ ಸುಮ್ನೆ ಕೂತವಳು, ಆದರೆ ಆ ಗುಂಗು ಇನ್ನೂ ಬಿಟ್ಟಿಲ್ಲ.

ರೂಮಿ, ಮೀರಾ, ಜೋಯಿ. ಹಂಟ್ರಿಕ್ಸ್ ತಂಡದ ಮೂವರು ಹುಡುಗಿಯರು. ಸ್ಟೇಜ್ ಮೇಲೆ ಹಾಡುತ್ತಾರೆ, ಉಳಿದ ಹೊತ್ತು ದೆವ್ವಗಳ ಜೊತೆ ಕಾದಾಡುತ್ತಾರೆ. ಎದುರಾಳಿಯಾಗಿ ಸಾಜಾ ಬಾಯ್ಸ್ ಬರುತ್ತಾರೆ. ಅವರೂ ಕೆಪಾಪ್ ತಂಡವೇ, ಆದರೆ ಐವರೂ ದೆವ್ವಗಳು. ಅಭಿಮಾನಿಗಳು ಯಾರ ಕಡೆ ವಾಲುತ್ತಾರೋ ಅವರದ್ದೇ ಗೆಲುವು.

ನಿರ್ದೇಶಕರಲ್ಲಿ ಒಬ್ಬರಾದ ಮ್ಯಾಗಿ ಕಾಂಗ್ ಹುಟ್ಟಿದ್ದು ಕೊರಿಯಾದ ರಾಜಧಾನಿ ಸೋಲ್‌ನಲ್ಲಿ, ಬೆಳೆದಿದ್ದು ಕೆನಡಾದಲ್ಲಿ. ಊರಿನ ಮೇಲಿನ ಪ್ರೀತಿ ಎಲ್ಲೆಲ್ಲೂ ಕಾಣುತ್ತದೆ. ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಚಮಚ, ಚಾಪ್‌ಸ್ಟಿಕ್ ಕೆಳಗೆ ಟಿಶ್ಯೂ ಹಾಸಿರುತ್ತಾರೆ, ಗಮನಿಸಿ. ಅಲ್ಲಿ ನಿಜವಾಗಿಯೂ ಹಾಗೇ ಮಾಡುತ್ತಾರೆ. ಆ ನೀಲಿ ಹುಲಿ, ಅದರ ಜೊತೆಗಿರುವ ಹಕ್ಕಿ, ಎರಡೂ ಕೊರಿಯಾದ ಹಳೆಯ ಜನಪದ ಚಿತ್ರಗಳಿಂದ ಎದ್ದು ಬಂದವು.

ನನ್ನನ್ನು ಹಿಡಿದಿಟ್ಟಿದ್ದು ಮಾತ್ರ ರೂಮಿ. ಅವಳು ಅರ್ಧ ದೆವ್ವ. ಮೈಮೇಲೆ ಗುರುತುಗಳಿವೆ. ಅವು ಯಾರಿಗೂ ಕಾಣಬಾರದು ಅಂತ ಸಾಕಿದ ಸೆಲೀನ್ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾಳೆ. ಅದಕ್ಕೇ ಯಾವಾಗಲೂ ತುಂಬು ತೋಳಿನ ಬಟ್ಟೆ. ಗೆಳತಿಯರು ಬಿಸಿನೀರಿನ ಸ್ನಾನಗೃಹಕ್ಕೆ ಕರೆದರೂ ಏನೋ ನೆಪ. ಆ ಗುರುತು ಗಂಟಲಿಗೆ ಏರಿದಾಗ ಅವಳ ದನಿಯೇ ಕೈಕೊಡುತ್ತದೆ. ಎತ್ತರದ ಸ್ವರ ಹಿಡಿಯಲು ಹೋಗಿ ಒಡೆದುಹೋಗುತ್ತದೆ. ಐಡಲ್ (ಕೆಪಾಪ್ ತಾರೆ) ಅಂದರೆ ಕುಂದೇ ಇರಬಾರದು ಅನ್ನುವ ಆ ಲೋಕದ ಕಟ್ಟಳೆಯನ್ನು ಇಷ್ಟು ನೇರವಾಗಿ ತೋರಿಸಿದ್ದು ನನಗೆ ತುಂಬಾ ಹಿಡಿಸಿತು.

ಒಂದು ಕೊರತೆ ಇದೆ, ಹೇಳಲೇಬೇಕು. ಇದರಲ್ಲಿ ತಂಡ ಕಟ್ಟಿ ನಡೆಸುವ ಕಂಪನಿ ಅನ್ನುವುದೇ ಕಾಣುವುದಿಲ್ಲ. ಬಾಬಿ ಅನ್ನುವ ಒಬ್ಬ ಒಳ್ಳೆ ಮ್ಯಾನೇಜರ್, ಅಷ್ಟೇ. ನಿಜದಲ್ಲಿ ಎಲ್ಲವೂ ಕಂಪನಿ ಕೈಯಲ್ಲೇ. 2009ರಲ್ಲಿ ಟಿವಿಎಕ್ಸ್‌ಕ್ಯೂ ಅನ್ನುವ ಕೆಪಾಪ್ ತಂಡದ ಮೂವರು ಕಂಪನಿ ಜೊತೆಗಿನ 13 ವರ್ಷದ ಒಪ್ಪಂದದ ವಿರುದ್ಧ ಕೋರ್ಟಿಗೆ ಹೋಗಿದ್ದರು. ಅದೇ ವರ್ಷ ಕೊರಿಯಾ ಸರ್ಕಾರದ ಆಯೋಗ ಮಾದರಿ ಒಪ್ಪಂದ ತಂದು, ಏಳು ವರ್ಷದ ಮಿತಿ ಹಾಕಿತು. ಈಗಲೂ ಒಂದು ತಂಡದ ಒಪ್ಪಂದಕ್ಕೆ ಏಳನೇ ವರ್ಷ ಬಂತೆಂದರೆ ಅಭಿಮಾನಿಗಳ ಎದೆ ಡವಡವ ಅನ್ನುವುದು ಇದಕ್ಕೇ.

ಆದರೂ ಆ ನಿಜ ಒಂದು ಕಡೆಯಿಂದ ಸಿನಿಮಾದೊಳಗೆ ಬಂದುಬಿಟ್ಟಿದೆ. ರೂಮಿಗೆ ಹಾಡಿದವರು ಈಜೇ. ಸೋಲ್‌ನಲ್ಲಿ ಹುಟ್ಟಿದ ಹುಡುಗಿ. ಚಿಕ್ಕ ವಯಸ್ಸಿಗೇ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಅನ್ನುವ ಕೆಪಾಪ್ ಕಂಪನಿಯಲ್ಲಿ ಟ್ರೈನಿಯಾಗಿ ಸೇರಿದರು. ಹತ್ತು ವರ್ಷಕ್ಕೂ ಜಾಸ್ತಿ ತರಬೇತಿ. ಹಾಡು, ಕುಣಿತ, ಪರೀಕ್ಷೆ, ಮತ್ತೆ ಹಾಡು. ಡೆಬ್ಯೂ, ಅಂದರೆ ಜನರ ಮುಂದೆ ಗಾಯಕಿಯಾಗಿ ಮೊದಲ ಹೆಜ್ಜೆ, ಮಾತ್ರ ಆಗಲೇ ಇಲ್ಲ. ಇಡೀ ಹದಿಹರೆಯ ಒಂದು ಪ್ರಾಕ್ಟೀಸ್ ರೂಮಿನಲ್ಲಿ ಕಳೆದು ಕೊನೆಗೆ ಹೊರಗೆ ಬರುವುದು ಎಂಥ ನೋವು, ಅಲ್ವಾ?

ಅವರು ಸಂಗೀತ ಬಿಡಲಿಲ್ಲ. ಬೇರೆಯವರಿಗೆ ಹಾಡು ಬರೆಯತೊಡಗಿದರು. 2019ರಲ್ಲಿ ರೆಡ್ ವೆಲ್ವೆಟ್ ಹಾಡಿದ 'ಸೈಕೋ' ಬರೆದವರಲ್ಲಿ ಇವರೂ ಒಬ್ಬರು. ರೆಡ್ ವೆಲ್ವೆಟ್ ಅದೇ ಎಸ್‌ಎಂ ತಂಡ! ಆಮೇಲೆ ಈ ಸಿನಿಮಾದ 'ಗೋಲ್ಡನ್'. ಹಲ್ಲಿನ ಡಾಕ್ಟರ ಬಳಿ ಹೋಗುವ ದಾರಿಯಲ್ಲಿ ಅದರ ರಾಗ ಹೊಳೆದು, ಫೋನಿನಲ್ಲಿ ಗುನುಗಿ ಇಟ್ಟುಕೊಂಡೆ ಅಂತ ಅವರೇ ಹೇಳಿದ್ದಾರೆ. 2025ರ ಆಗಸ್ಟ್‌ನಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೇರಿತು.

ಆ ಅಕ್ಟೋಬರ್‌ನಲ್ಲಿ ಈಜೇ, ಆಡ್ರಿ ನೂನಾ, ರೇ ಆಮಿ, ಸಿನಿಮಾದಲ್ಲಿ ಹಾಡಿದ ಮೂವರೂ ಅಮೆರಿಕದ ಟಿವಿ ಶೋ ಒಂದರಲ್ಲಿ 'ಗೋಲ್ಡನ್' ಅನ್ನು ಲೈವ್ ಆಗಿ ಹಾಡಿದರು. ಕಾರ್ಟೂನ್ ಇಲ್ಲ, ಕತ್ತಿ ಇಲ್ಲ, ಮೂರು ಮೈಕು ಅಷ್ಟೇ. ದಯವಿಟ್ಟು ಹುಡುಕಿ ನೋಡಿ. ಇಯರ್‌ಫೋನ್ ಹಾಕಿಕೊಳ್ಳಿ. ರೂಮಿಗೆ ಒಡೆದುಹೋದ ಆ ಎತ್ತರದ ಸ್ವರವನ್ನು ಈಜೇ ಮುಟ್ಟುವುದನ್ನು ಕೇಳಿ.