ಉಸಿರಲ್ಲಿ ಹೋಗುವ ಪುಡಿಗೆ ಗಾಳಿಯಲ್ಲೇ ಪರೀಕ್ಷೆ

ಕಲಬುರಗಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಶಹಾಬಾದಿನ ಕಲ್ಲುಪುಡಿ, ವಾಡಿಯ ಸಿಮೆಂಟ್ ಧೂಳು ನಿಮಗೆಲ್ಲ ಗೊತ್ತು. ಇವತ್ತು ನಾನು ಹೇಳುವುದು ಕಣ್ಣಿಗೇ ಕಾಣದ ಪುಡಿಯ ಬಗ್ಗೆ. ಇದು ನ್ಯಾನೋ ಕಣ. ಬಣ್ಣ, ಸನ್‌ಸ್ಕ್ರೀನ್, ಟೈರು ಇವಕ್ಕೆಲ್ಲ ಬೇಕೆಂದೇ ತಯಾರಿಸುತ್ತಾರೆ. ಒಂದು ಮಿಲಿಮೀಟರ್ ಉದ್ದಕ್ಕೆ ಕಡಿಮೆ ಎಂದರೂ 10,000 ಕಣ ಸಾಲಾಗಿ ಕೂರುತ್ತವೆ. ಉಸಿರಿನ ಜೊತೆ ಶ್ವಾಸಕೋಶದ ತೀರಾ ಒಳಗಿನ ಗಾಳಿಗೂಡುಗಳವರೆಗೂ ಹೋಗುತ್ತವೆ.

ಅಲ್ಲಿ ಏನು ಮಾಡುತ್ತವೆ ಅಂತ ಮನುಷ್ಯರ ಮೇಲೆ ಪ್ರಯೋಗ ಮಾಡಿ ನೋಡಲು ಆಗುತ್ತದೆಯೇ? ಅದಕ್ಕೇ ಶ್ವಾಸಕೋಶದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುತ್ತೇವೆ. ಎ549 ಎಂಬ ಇಂಥ ಕೋಶಗಳು 1972ರಿಂದಲೂ ಲ್ಯಾಬುಗಳಲ್ಲಿ ಇವೆ. ಹಳೆಯ ಪದ್ಧತಿಯಲ್ಲಿ ಕೋಶಗಳು ದ್ರವದಲ್ಲಿ ಮುಳುಗಿರುತ್ತವೆ. ಪುಡಿಯನ್ನು ಆ ದ್ರವಕ್ಕೇ ಕಲಸಿಬಿಡುತ್ತಾರೆ.

ಕಪನೂರದಲ್ಲಿ ಬಣ್ಣ ಬೆರೆಸುವ ಕೆಲಸದ ಹುಡುಗರಿಗೆ ಇದನ್ನೇ ವಿವರಿಸುತ್ತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಮೇಡಂ, ನಾವೇನ್ ಪುಡಿ ನೀರಾಗ ಕಲಸಿ ಕುಡೀತೀವೇನ್ರಿ? ಚೀಲ ಸುರೂವಾಗ ಮೂಗಿನಾಗ ಹೋಗ್ತದ" ಅಂದ. ಉಳಿದವರು ನಕ್ಕರು. ನಾನು ನಗಲಿಲ್ಲ. ಅವನನ್ನು ಮುಂದೆ ಕರೆದು ಕೂರಿಸಿಕೊಂಡೆ. ಚೀಲ ಹೇಗೆ ಬಿಚ್ಚುತ್ತಾನೆ, ಎಷ್ಟು ಎತ್ತರದಿಂದ ಸುರಿಯುತ್ತಾನೆ, ಫ್ಯಾನ್ ಯಾವ ಕಡೆಗಿದೆ, ಎಲ್ಲ ಕೇಳಿದೆ. ಕೈ ಎತ್ತಿ ಮಾಡಿ ತೋರಿಸಿದ. ಆ ಹುಡುಗ ಕೇಳಿದ್ದೇ ಸರಿಯಾದ ಪ್ರಶ್ನೆ ನೋಡಿ! ದ್ರವದಲ್ಲಿ ಈ ಕಣಗಳು ಬಿಸಿನೀರಿಗೆ ಸುರಿದ ಜೋಳದ ಹಿಟ್ಟಿನ ಹಾಗೆ ಗಂಟು ಕಟ್ಟುತ್ತವೆ. ಕಣಗಳ ಮೈಗೆ ದ್ರವದ ಪ್ರೋಟೀನ್ ಮೆತ್ತಿಕೊಳ್ಳುತ್ತದೆ. ಕೋಶಕ್ಕೆ ಮುಟ್ಟಿದ್ದು ಎಷ್ಟು ಎಂಬುದೇ ತಿಳಿಯುವುದಿಲ್ಲ. ಆಮೇಲೆ "ಏನೂ ಅಪಾಯ ಕಾಣಲಿಲ್ಲ" ಅಂತ ಸುಮ್ನೆ ಬರೆದರೆ ಹೇಗೆ?

ಉಸಿರಲ್ಲಿ ಹೋಗುವ ಪುಡಿಯನ್ನು ಗಾಳಿಯಲ್ಲೇ ಪರೀಕ್ಷಿಸಬೇಕು. ತೂತುಗಳಿರುವ ತೆಳು ಪೊರೆಯ ಮೇಲೆ ಕೋಶ ಬೆಳೆಸಿ. ಆಹಾರದ ದ್ರವ ಕೆಳಗಿರಲಿ, ಮೇಲ್ಭಾಗ ಗಾಳಿಗೆ ತೆರೆದಿರಲಿ. ಪುಡಿ ಗಾಳಿಯಿಂದಲೇ ಬಂದು ಕೂರಲಿ. ಎಷ್ಟು ಕೂತಿತು ಅಂತ ಅಳೆಯಿರಿ. ಕೋಶ ಸತ್ತಿತೋ, ಉರಿಯೂತದ ಸೂಚನೆ ಕೊಟ್ಟಿತೋ ಆಮೇಲೆ ನೋಡಿ. ಖರ್ಚು ಜಾಸ್ತಿ, ನಿಜ. ಆದರೂ ಗಾಳಿಯಲ್ಲೇ ಆಗಬೇಕು.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಬಿಳಿ ಬಣ್ಣಕ್ಕೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ಪುಡಿಯಿಂದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲೇ ವರ್ಗೀಕರಿಸಿದೆ. ಗೋಡೆಗೆ ಬಳಿದು ಒಣಗಿದ ಬಣ್ಣಕ್ಕೆ ಹೆದರಬೇಡಿ. ಚೀಲ ಸುರಿಯುವ ತಮ್ಮಂದಿರೇ, ಟವೆಲ್ ಸುತ್ತಿಕೊಂಡರೆ ಸಾಲದು. ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಚೆಲ್ಲಿದ ಪುಡಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಮಾಸ್ಕ್ ಕೊಡಿ ಅಂತ ಮಾಲೀಕರನ್ನು ಕೇಳಿ ಪಡೆಯಿರಿ. ನಮಸ್ಕಾರ.