ನನ್ನ ಮೊದಲ ಮಾಡೆಲ್‌ನಲ್ಲಿ ರಾತ್ರಿಯೇ ಇರಲಿಲ್ಲ

ಎಲ್ಲರಿಗೂ ನಮಸ್ಕಾರ. ಇಂಧನ, ಹವಾಮಾನ, ಪರಿಸರ ಇವುಗಳ ಆರ್ಥಿಕ ಮಾಡೆಲಿಂಗ್ ಬಗ್ಗೆ ಸ್ನಾತಕೋತ್ತರ ಓದಿಗೆ ಸೇರೋಣವೋ ಬೇಡವೋ ಎಂದು ತೂಗುತ್ತಿರುವವರು ಇಲ್ಲಿ ಜಾಸ್ತಿ ಇದ್ದೀರಿ ಎಂದು ಕೇಳಿದೆ. ಕೋರ್ಸಿನ ಗುಣಗಾನ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಮೊದಲ ವರ್ಷ ನಾನೊಂದು ವಿದ್ಯುತ್ ಮಾಡೆಲ್ ಕಟ್ಟಿದೆ, ಅಂದರೆ ಬೇಡಿಕೆಗೆ ಸಾಕಾಗುವಷ್ಟು ವಿದ್ಯುತ್ತನ್ನು ಅತಿ ಕಡಿಮೆ ಖರ್ಚಿನಲ್ಲಿ ಹೇಗೆ ಒದಗಿಸಬಹುದು ಎಂದು ಕಂಪ್ಯೂಟರ್‌ನಲ್ಲಿ ಹಾಕುವ ಲೆಕ್ಕ. ಅದು ಭಾರಿ ಉತ್ತರ ಕೊಟ್ಟಿತು. ಸೋಲಾರ್ ಪ್ಯಾನೆಲ್ ಹಾಕಿ ಸಾಕು, ಬ್ಯಾಟರಿ ಬೇಡ, ಬೇರೆ ಸ್ಥಾವರವೂ ಬೇಡ, ಖರ್ಚೂ ಕಡಿಮೆ! ಎರಡು ದಿನ ಬೀಗಿದ್ದೇ ಬೀಗಿದ್ದು. ಮೂರನೇ ದಿನ ಮೇಷ್ಟ್ರು ನೋಡಿ, "ನಿನ್ನ ಮಾಡೆಲ್‌ನಲ್ಲಿ ಕತ್ತಲಾಗೋದು ಎಷ್ಟು ಗಂಟೆಗೆ?" ಎಂದರು. ಆಗುತ್ತಲೇ ಇರಲಿಲ್ಲ. ಇಡೀ ವರ್ಷವನ್ನು ಒಂದೇ ತುಂಡಾಗಿ ಇಟ್ಟಿದ್ದೆ. ವರ್ಷದ ಒಟ್ಟು ಬೇಡಿಕೆಗೆ ವರ್ಷದ ಒಟ್ಟು ಉತ್ಪಾದನೆ ಸರಿಹೋದರೆ ಮಾಡೆಲ್‌ಗೆ ಸಮಾಧಾನ. ಮಧ್ಯಾಹ್ನದ ಬಿಸಿಲಿನಿಂದ ನಡುರಾತ್ರಿಯ ದೀಪ ಉರಿಯುತ್ತಿತ್ತು. ಲೆಕ್ಕ ತಪ್ಪಿರಲಿಲ್ಲ, ಕೋಡ್ ಕೂಡ ಒಂದೂ ಎರರ್ ಕೊಟ್ಟಿರಲಿಲ್ಲ.

ಸರಿ, ವರ್ಷವನ್ನು 8,760 ಗಂಟೆಗಳಾಗಿ ಒಡೆದೆ. ಈಗ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಮೂವತ್ತು ವರ್ಷದ ಯೋಜನೆ, ಹತ್ತಾರು ಪ್ರದೇಶ, ಪ್ರತಿ ಗಂಟೆ ಎಂದರೆ ಚರಾಂಶಗಳು, ಅಂದರೆ ಮಾಡೆಲ್ ಕಂಡುಹಿಡಿಯಬೇಕಾದ ಸಂಖ್ಯೆಗಳು, ಲಕ್ಷ ದಾಟಿ ಕೋಟಿಗೆ ಹೋಗುತ್ತವೆ. ಹಾಗಾಗಿ ವರ್ಷದಲ್ಲಿ ಕೆಲವು ಮಾದರಿ ದಿನಗಳನ್ನು ಆರಿಸಿಕೊಂಡೆ. ಅದರಲ್ಲೂ ಒಂದು ತೊಡಕು. ಸತತವಾಗಿ ಹತ್ತು ದಿನ ಮೋಡ ಕವಿದು, ಗಾಳಿಯೂ ಬೀಸದ ಕಾಲ ಆ ಮಾದರಿ ದಿನಗಳಲ್ಲಿ ಕಾಣುವುದೇ ಇಲ್ಲ. ನಿಜವಾದ ವಿದ್ಯುತ್ ಜಾಲ ಒದ್ದಾಡುವುದು ಅಂಥ ಹೊತ್ತಿನಲ್ಲೇ. ಏನನ್ನು ಬಿಡಬೇಕು, ಏನನ್ನು ಬಿಟ್ಟರೆ ಉತ್ತರವೇ ಕೆಡುತ್ತದೆ ಎಂದು ಗುರುತಿಸುವುದಕ್ಕೇ ಈ ಓದಿನ ಅರ್ಧ ಕಾಲ ಹೋಗುತ್ತದೆ. ಪಠ್ಯಕ್ರಮದಲ್ಲಿ ಮಾತ್ರ ಹಾಗಂತ ಬರೆದಿರುವುದಿಲ್ಲ.

ಮಾಡೆಲ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಒಂದೊಂದು ಸ್ಥಾವರ, ಒಂದೊಂದು ತಂತಿಯನ್ನೂ ಎಣಿಸಿ ಅತಿ ಕಡಿಮೆ ಖರ್ಚಿನ ದಾರಿ ಹುಡುಕುವ ಇಂಧನ ವ್ಯವಸ್ಥೆಯ ಮಾಡೆಲ್ ಒಂದು. ಕೂಲಿ, ಬೆಲೆ, ತೆರಿಗೆ ಎಲ್ಲ ಸೇರಿದ ಇಡೀ ಅರ್ಥವ್ಯವಸ್ಥೆಯ ಸಮತೋಲನದ ಮಾಡೆಲ್ ಇನ್ನೊಂದು. ಹವಾಮಾನವನ್ನೂ ಆರ್ಥಿಕತೆಯನ್ನೂ ಒಟ್ಟಿಗೆ ಹೆಣೆದದ್ದು ಮೂರನೆಯದು. ಈ ಕೊನೆಯದರಲ್ಲಿ ಹೆಸರಾದದ್ದು ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಅವರ 'ಡೈಸ್' ಮಾಡೆಲ್. ಅವರಿಗೆ 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಡೈಸ್‌ನಲ್ಲಿ ಇಡೀ ಜಗತ್ತೇ ಒಂದು ಪ್ರದೇಶ. ನಾಲ್ಕಾರು ಪುಟದಲ್ಲಿ ಸಮೀಕರಣಗಳೆಲ್ಲ ಮುಗಿದುಹೋಗುತ್ತವೆ. ಕಲಿಯುವವರಿಗೆ ಅದೇ ಅನುಕೂಲ: ಎಲ್ಲಾ ನಟ್ಟು ಬೋಲ್ಟು ಕಣ್ಣಿಗೆ ಕಾಣುತ್ತವೆ.

ಅದರಲ್ಲಿ ಒಂದು ಬೋಲ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ಡಿಸ್ಕೌಂಟ್ ದರ. ಮುಂದೆ ಬರುವ ಲಾಭನಷ್ಟವನ್ನು ಇವತ್ತಿನ ಲೆಕ್ಕಕ್ಕೆ ಇಳಿಸುವ ದರ ಅದು. ನೂರು ವರ್ಷದ ನಂತರ 1,000 ಡಾಲರ್ ನಷ್ಟ ಆಗುತ್ತದೆ ಅಂದುಕೊಳ್ಳಿ. ದರ 1.4% ಆದರೆ ಇವತ್ತಿನ ಬೆಲೆ ಸುಮಾರು 250 ಡಾಲರ್. ದರ 5% ಆದರೆ? ಎಂಟು ಡಾಲರ್ ಕೂಡ ಇಲ್ಲ. ಅದೇ ನಷ್ಟ, ಅದೇ ಮೊಮ್ಮಕ್ಕಳು. ಒಂದೇ ಒಂದು ಸಂಖ್ಯೆ ಬದಲಾಯಿತು, ಅಷ್ಟೇ.

ಆ 1.4% ನಾನು ಸುಮ್ನೆ ಆರಿಸಿದ್ದಲ್ಲ. 2006ರಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಹವಾಮಾನ ಬದಲಾವಣೆಯ ಆರ್ಥಿಕತೆಯ ಬಗ್ಗೆ ಬ್ರಿಟನ್ ಸರ್ಕಾರಕ್ಕಾಗಿ ಮಾಡಿದ ವರದಿಯಲ್ಲಿ ಬಳಸಿದ ದರ ಅದು. ಅದನ್ನು ಬಿಚ್ಚಿ ನೋಡಿದರೆ ಒಳಗೆ ಎರಡು ಭಾಗ. ಮುಂದಿನ ಪೀಳಿಗೆ ನಮಗಿಂತ ಶ್ರೀಮಂತವಾಗಿರುತ್ತದೆ, ಹಾಗಾಗಿ ಅವರಿಗೆ ಒಂದು ಡಾಲರ್‌ನ ಬೆಲೆ ಕಡಿಮೆ ಎಂಬುದಕ್ಕೆ 1.3%. ಉಳಿದ 0.1%, ಮನುಷ್ಯಕುಲವೇ ಅಳಿದುಹೋಗಬಹುದು ಎಂಬ ಸಾಧ್ಯತೆಗೆ. 'ಅವರು ಆಮೇಲೆ ಹುಟ್ಟಿದವರು, ಆದ್ದರಿಂದ ಕಡಿಮೆ' ಎಂಬ ಕಾರಣಕ್ಕೆ ಸ್ಟರ್ನ್ ಏನೂ ಕೊಡಲಿಲ್ಲ. ಈ ಜಗಳ ಹಳೆಯದು. ಮುಂದಿನವರ ಸುಖವನ್ನು ಬರೀ ಮುಂದಿನದು ಎಂಬ ಕಾರಣಕ್ಕೆ ಕಡಿಮೆ ಎಣಿಸುವುದು ನೀತಿಗೆ ಸಲ್ಲದು ಎಂದು ಬ್ರಿಟನ್ನಿನ ಗಣಿತಜ್ಞ ಫ್ರ್ಯಾಂಕ್ ರ್‍ಯಾಮ್ಸೆ 1928ರಲ್ಲೇ ಬರೆದಿದ್ದರು. ನಾರ್ಡ್‌ಹೌಸ್ ಇದನ್ನು ಒಪ್ಪಲಿಲ್ಲ. ಜನ ಮಾರುಕಟ್ಟೆಯಲ್ಲಿ ನಿಜವಾಗಿ ಹೇಗೆ ಉಳಿಸುತ್ತಾರೆ, ಹೂಡುತ್ತಾರೆ ಎಂಬುದನ್ನು ನೋಡಿ ದರ ಇಡಬೇಕು ಎಂದರು. ಅವರ ದರ ಸ್ಟರ್ನ್ ದರಕ್ಕಿಂತ ಬಹಳ ಮೇಲೆ. ಹಾಗಾಗಿ ಸ್ಟರ್ನ್ ಈಗಲೇ ಜೋರಾಗಿ ಇಂಗಾಲದ ಹೊಗೆ ಇಳಿಸಿ ಎಂದರೆ, ನಾರ್ಡ್‌ಹೌಸ್ ಮೆಲ್ಲಗೆ ಶುರು ಮಾಡಿ, ಆಮೇಲೆ ಬಿಗಿ ಮಾಡಿ ಎಂದರು. ನನ್ನ ಮನಸ್ಸು ಸ್ಟರ್ನ್ ಕಡೆ. ಆದರೆ ನಾರ್ಡ್‌ಹೌಸ್ ವಾದವನ್ನು ಅವರಷ್ಟೇ ಚೆನ್ನಾಗಿ ಹೇಳಲು ಬರದವರಿಗೆ ನಾನು ಪಾಸ್ ಮಾರ್ಕ್ಸ್ ಕೊಡುವುದಿಲ್ಲ.

ಇದು ಪಂಡಿತರ ಜಗಳ ಅಂತ ಅನಿಸಬಹುದು. ಹಾಗೇನಿಲ್ಲ. ಒಂದು ಟನ್ ಇಂಗಾಲದ ಡೈಆಕ್ಸೈಡ್‌ನಿಂದ ಸಮಾಜಕ್ಕೆ ಆಗುವ ನಷ್ಟವನ್ನು ಅಮೆರಿಕ ಸರ್ಕಾರ 2021ರಲ್ಲಿ 51 ಡಾಲರ್ ಎಂದು ಇಟ್ಟಿತ್ತು, 3% ದರದಲ್ಲಿ. 2023ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2% ದರ ಹಿಡಿದು, ಹಾನಿಯ ಲೆಕ್ಕವನ್ನೂ ಹೊಸದಾಗಿ ಮಾಡಿ, ಸುಮಾರು 190 ಡಾಲರ್ ಎಂದಿತು. ಕಾರಿನ ಮೈಲೇಜ್ ನಿಯಮ ಎಷ್ಟು ಬಿಗಿ ಇರಬೇಕು ಎಂಬಂಥ ಅಲ್ಲಿನ ತೀರ್ಮಾನಗಳಲ್ಲಿ 2025ರ ಆರಂಭದವರೆಗೆ ಇಂಥ ಸಂಖ್ಯೆ ಬಂದು ಕೂರುತ್ತಿತ್ತು.

ಇನ್ನೊಂದು ಕಡೆಯೂ ಡಿಸ್ಕೌಂಟ್ ದರದ ಕೈವಾಡ ಇದೆ. ದರ ಜಾಸ್ತಿ ಇದ್ದರೆ ಮಾಡೆಲ್ ಸೋಮಾರಿ ಆಗುತ್ತದೆ: ಈಗ ಹೊಗೆ ಬಿಡೋಣ, ಶತಮಾನದ ಕೊನೆಗೆ ಗಾಳಿಯಿಂದ ವಾಪಸ್ ಹೀರಿಕೊಂಡರಾಯಿತು. ಆ ಹೀರುವ ಯಂತ್ರಗಳ ಖರ್ಚು ಅಷ್ಟು ದೂರದಿಂದ ನೋಡಿದಾಗ ಪುಡಿಕಾಸಿನಂತೆ ಕಾಣುತ್ತದೆ, ಅಲ್ವಾ?

ಸೋಲಾರ್ ಕಥೆಯನ್ನೂ ಹೇಳಿಬಿಡುತ್ತೇನೆ. ಸೌರ ವಿದ್ಯುತ್ತಿನ ಖರ್ಚು 2010ರಿಂದ 2020ರೊಳಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 85% ಇಳಿಯಿತು. ಹೆಸರುವಾಸಿ ಮಾಡೆಲ್‌ಗಳು ಬಹಳಷ್ಟು ಇದನ್ನು ಊಹಿಸಲಿಲ್ಲ. ಅಲ್ಲಿಯವರೆಗಿನ ಒಟ್ಟು ಉತ್ಪಾದನೆ ಎರಡು ಪಟ್ಟಾದಾಗಲೆಲ್ಲ ಪ್ಯಾನೆಲ್ ಬೆಲೆ ಸುಮಾರು ಐದನೇ ಒಂದು ಪಾಲು ಇಳಿಯುತ್ತಾ ಬಂದಿದೆ ಎಂಬುದು ಗೊತ್ತಿದ್ದ ವಿಷಯವೇ. ಆದರೆ ಅದನ್ನು ಮಾಡೆಲ್ ಒಳಗೆ ತಂದರೆ ಸಮಸ್ಯೆ ಲೀನಿಯರ್ ಆಗಿ, ಅಂದರೆ ಸರಳರೇಖೆಯ ಸಮೀಕರಣಗಳಾಗಿ, ಉಳಿಯುವುದಿಲ್ಲ, ಬಿಡಿಸುವುದು ಕಷ್ಟ. ಹಾಗಾಗಿ ಬೆಲೆಯನ್ನು ಹೊರಗಿನಿಂದ ಒಂದು ಪಟ್ಟಿಯಾಗಿ ಕೊಡುವ ರೂಢಿ ಉಳಿಯಿತು. ಪಟ್ಟಿ ಬರೆದವರು ಹುಷಾರಿನ ಜನ, ಬೆಲೆ ಅಷ್ಟೊಂದು ಇಳಿಯುತ್ತದೆ ಎಂದು ಬರೆಯಲಿಲ್ಲ. ಇಲ್ಲೂ ನನ್ನ ಆ ರಾತ್ರಿಯ ಕಥೆಯೇ: ಲೆಕ್ಕ ಸಲೀಸಾಗಲಿ ಎಂದು ಬಿಟ್ಟದ್ದು ಉತ್ತರವನ್ನೇ ಎಳೆದುಕೊಂಡು ಹೋಯಿತು.

ಸೇರುವ ಮೊದಲು ಏನು ಗೊತ್ತಿರಬೇಕು ಎಂದು ತುಂಬಾ ಜನ ಕೇಳುತ್ತಾರೆ. ಲೀನಿಯರ್ ಆಲ್ಜೀಬ್ರಾ, ಸೂಕ್ಷ್ಮ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಇದ್ದರೆ ಒಳ್ಳೆಯದು. ಪೈಥಾನ್ ಅಥವಾ ಜೂಲಿಯಾದಲ್ಲಿ ಕೋಡ್ ಬರೆಯಲು ಬರಲಿ. ಎಂಜಿನಿಯರಿಂಗ್‌ನಿಂದ ಬಂದವರಿಗೆ ಬೆಲೆ ಏನೆಂಬುದು ತಡವಾಗಿ ಹೊಳೆಯುತ್ತದೆ, ಅರ್ಥಶಾಸ್ತ್ರದಿಂದ ಬಂದವರು ಕಿಲೋವ್ಯಾಟ್‌ಗೂ ಕಿಲೋವ್ಯಾಟ್ ಅವರ್‌ಗೂ ಗೊಂದಲ ಮಾಡಿಕೊಳ್ಳುತ್ತಾರೆ. ಎರಡೂ ಆರು ತಿಂಗಳಲ್ಲಿ ಸರಿಹೋಗುತ್ತವೆ.

ಅರ್ಜಿ ಹಾಕುವ ಮೊದಲು ಎರಡು ಸಂಜೆ ಕೂತು ಒಂದು ಕೆಲಸ ಮಾಡಿ. ಓಸ್‌ಮೋಸಿಸ್ (OSeMOSYS) ಅಥವಾ ಪೈಪ್ಸಾ (PyPSA) ಇಳಿಸಿಕೊಳ್ಳಿ, ಎರಡೂ ಇಂಧನ ಮಾಡೆಲ್ ಕಟ್ಟುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಜೊತೆಗೆ ಬರುವ ಚಿಕ್ಕ ಉದಾಹರಣೆಯನ್ನು ಓಡಿಸಿ. ಅದಕ್ಕೆ ಹೊಗೆಯ ಒಂದು ಮಿತಿ ಹಾಕಿ, ಆ ಮಿತಿಯನ್ನು ಒಂದು ಟನ್ ಬಿಗಿ ಮಾಡಿದರೆ ಒಟ್ಟು ಖರ್ಚು ಎಷ್ಟು ಏರುತ್ತದೆ ನೋಡಿ. ಇಂಗಾಲಕ್ಕೆ ನೀವು ಯಾವ ಬೆಲೆಯನ್ನೂ ಬರೆದಿರುವುದಿಲ್ಲ, ಆದರೂ ಆ ಏರಿಕೆಯ ರೂಪದಲ್ಲಿ ಒಂದು ಬೆಲೆ ಮಾಡೆಲ್ ಒಳಗಿನಿಂದ ಹೊರಗೆ ಬಂದಿರುತ್ತದೆ. ಆಮೇಲೆ ಡಿಸ್ಕೌಂಟ್ ದರವನ್ನು ಮುಟ್ಟಿ. ಆ ಎರಡು ಸಂಜೆ ಬೇಜಾರಾಗದಿದ್ದರೆ ಅರ್ಜಿ ಹಾಕಿ. ಈಗ ಪ್ರಶ್ನೆ ಕೇಳಿ, ಕತ್ತಲಾಗುವ ಮೊದಲು.