ದೋಣಿಯ ಮೆತ್ತೆಗೆ ಗಾಳಿ ಬೇಕು

ಕೇಳುಗ ಬಾಂಧವರಿಗೆ ನಮಸ್ಕಾರ.

ಕಾಸರಗೋಡಿನಲ್ಲಿ ಕುಶನ್ ಅಂಗಡಿ ಇಟ್ಟುಕೊಂಡವನಿಗೂ ಹಾಯಿದೋಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯಲ್ಲಿ ಗಲ್ಫಿಗೆ ಯಾರೂ ಹೋಗದ ಮನೆ ಹುಡುಕುವುದು ಕಷ್ಟ. ನಾನೂ ಹೋದವನೇ. ಊರಿನಲ್ಲಿ ರಿಕ್ಷಾ ಸೀಟು, ಸೋಫಾ ಹೊಲಿಯುತ್ತಿದ್ದ ನನಗೆ ಅಲ್ಲಿ ಸಿಕ್ಕಿದ್ದು ದೋಣಿಗಳ ಒಳಗಿನ ಮೆತ್ತೆ ಬದಲಿಸುವ ಕೆಲಸ. ಈಗ ಊರಿಗೆ ಮರಳಿದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ. ನೀಲೇಶ್ವರದ ಕಡೆಯಿಂದ, ವಲಿಯಪರಂಬದ ಹಿನ್ನೀರಿನಿಂದ ಹೌಸ್‌ಬೋಟಿನವರು ಬರುತ್ತಾರೆ. ಆ ದೋಣಿಗಳಿಗೆ ಹಾಯಿ ಇಲ್ಲ, ನಿಜ. ಆದರೆ ತೇವ ಎರಡಕ್ಕೂ ಒಂದೇ.

ಬಂದವರು ಮೊದಲು ಕೇಳುವುದು ಬಣ್ಣ. ಆಮೇಲೆ ಬಟ್ಟೆ. ಕೊನೆಗೆ, ಕೇಳಿದರೆ, ಒಳಗಿನ ಫೋಮ್. ನನ್ನ ಲೆಕ್ಕದಲ್ಲಿ ಈ ಕ್ರಮ ಪೂರ್ತಿ ತಲೆಕೆಳಗು. ದೋಣಿಯ ಮೆತ್ತೆಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಇದು ಒದ್ದೆಯಾದರೆ ಹೇಗೆ ಒಣಗುತ್ತದೆ ಎಂಬುದು. ಒದ್ದೆಯಾಗುತ್ತದೆಯೇ ಎಂದು ಕೇಳಬೇಕಾಗಿಯೇ ಇಲ್ಲ, ಆಗಿಯೇ ಆಗುತ್ತದೆ.

ಮೇಲಿನಿಂದ ಬೀಳುವ ನೀರು ಕಣ್ಣಿಗೆ ಕಾಣುತ್ತದೆ, ಒರೆಸುತ್ತೇವೆ. ಮೆತ್ತೆಯನ್ನು ಕೆಡಿಸುವುದು ಕೆಳಗಿನ ತೇವ. ಮಲಗಿದವನ ಮೈಯ ಬಿಸಿಗೆ ಬೆವರು ಆವಿಯಾಗಿ ಫೋಮಿನೊಳಗೆ ಇಳಿಯುತ್ತದೆ, ಅಡಿಯಲ್ಲಿರುವ ಪ್ಲೈವುಡ್ ಹಲಗೆ ತಣ್ಣಗಿದ್ದರೆ ಅಲ್ಲಿ ನೀರಾಗಿ ನಿಲ್ಲುತ್ತದೆ. ಚಳಿ ದೇಶಗಳ ಸಮುದ್ರದಲ್ಲಿ ಇದು ದೊಡ್ಡ ಕಾಟ. ನಮ್ಮ ಸಮುದ್ರ ಅಷ್ಟು ತಂಪಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಇಲ್ಲಿನ ಗಾಳಿಯೇ ತೇವ. ಅದರ ಮೇಲೆ ಉಪ್ಪು. ಆಟಿಯಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒಸರುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದ ನೀರು ಒಮ್ಮೆ ತಾಗಿದ ಬಟ್ಟೆ ಬಿಸಿಲಿನಲ್ಲಿ ಎಷ್ಟು ಒಣಗಿದರೂ ರಾತ್ರಿಯ ಗಾಳಿಗೆ ಮತ್ತೆ ಹಸಿಯಾಗುತ್ತದೆ. ಅದಕ್ಕೇ ಮೊದಲು ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಬೇಕು, ಒಣಗಿಸುವುದು ಆಮೇಲೆ.

ಹಾಗಾದರೆ ಏನು ಮಾಡಬೇಕು? ಮೆತ್ತೆಗಿಂತ ಮೊದಲು ಹಲಗೆ ನೋಡಿ. ಗಟ್ಟಿ ಹಲಗೆಯಾದರೆ ಅದಕ್ಕೆ ಸಾಲಾಗಿ ರಂಧ್ರ ಕೊರೆಯಿಸಿ, ಇಲ್ಲವೇ ಮರದ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿ. ಮೆತ್ತೆಯ ಅಡಿಭಾಗಕ್ಕೆ ಮೇಲಿನ ಬಟ್ಟೆಯನ್ನೇ ಹೊಲಿಯುವ ಬದಲು ಬಲೆಯಂಥ ಬಟ್ಟೆ ಹಾಕಿ. ದುಡ್ಡೂ ಉಳಿಯುತ್ತದೆ, ಗಾಳಿಯೂ ಆಡುತ್ತದೆ.

ಫೋಮಿನಲ್ಲಿ ಮೂರು ಬಗೆ ತಿಳಿದಿದ್ದರೆ ಸಾಕು. ಸೋಫಾಗಳಿಗೆ ಹಾಕುವ ಸಾಮಾನ್ಯ ಫೋಮ್ ಮೆತ್ತಗೆ ಹಿತವಾಗಿರುತ್ತದೆ, ಆದರೆ ನೀರು ಕುಡಿದರೆ ಸುಲಭಕ್ಕೆ ಬಿಡುವುದಿಲ್ಲ. ಎರಡನೆಯದರ ಗುಳ್ಳೆಗಳು ಮುಚ್ಚಿರುತ್ತವೆ. ನೀರು ಒಳಗೆ ಹೋಗುವುದೇ ಇಲ್ಲ, ಆದರೆ ಗಟ್ಟಿ. ದೋಣಿಯ ಹೊರಗಿನ ಕಟ್ಟೆಯಲ್ಲಿ ಕೂರಲು ಸರಿ, ರಾತ್ರಿ ಮಲಗಲು ಅಲ್ಲ. ಮೂರನೆಯದರ ಗುಳ್ಳೆಗಳ ಗೋಡೆಗಳೇ ಒಡೆದಿದ್ದು ಜಾಲದಂತಿರುತ್ತದೆ, ನೀರು ಸುರಿದರೆ ಆಚೆ ಬದಿಯಿಂದ ಇಳಿದು ಹೋಗುತ್ತದೆ. ಬೆಲೆ ಮಾತ್ರ ಕೈ ಕಚ್ಚುತ್ತದೆ. ಒಳಗಿನ ಹಾಸಿಗೆಗೆ ಒಳ್ಳೆಯ ಸಾಂದ್ರತೆಯ ಸಾಮಾನ್ಯ ಫೋಮ್, ಅಂದರೆ ಘನ ಮೀಟರಿಗೆ 40 ಕಿಲೋ ಆಸುಪಾಸಿನದು, 4ರಿಂದ 5 ಇಂಚು ದಪ್ಪ ಇದ್ದರೆ ಸಾಕು. ಅಂಗಡಿಯಲ್ಲಿ ಅದನ್ನು ಹಲಗೆಯ ಮೇಲಿಟ್ಟು ಮೊಣಕಾಲೂರಿ ನೋಡಿ. ಹಲಗೆ ಮೊಣಕಾಲಿಗೆ ತಾಗಿದರೆ ಬೇಡ ಎನ್ನಿ.

ನಮ್ಮ ಹಿರಿಯರ ಬೂರುಗದ ಹತ್ತಿಯ ಹಾಸಿಗೆಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಆ ಎಳೆಯ ಒಳಗೆ ಟೊಳ್ಳು, ಮೇಲೆ ಮೇಣದ ತೆಳು ಲೇಪ. ನೀರಿನಲ್ಲಿ ಚೆನ್ನಾಗಿ ತೇಲುವುದರಿಂದ ಕಳೆದ ಶತಮಾನದ ಮೊದಲರ್ಧದಲ್ಲಿ ಹಡಗುಗಳ ಜೀವರಕ್ಷಕ ಜಾಕೆಟ್ಟುಗಳಲ್ಲಿ ಅದನ್ನೇ ತುಂಬುತ್ತಿದ್ದರು. ಆದರೆ ದಿನವೂ ಮಲಗುವ ಭಾರಕ್ಕೆ ಅದು ಗಂಟುಗಟ್ಟುತ್ತದೆ. ದಿಂಬಿಗೆ ಹಾಕಿ, ಧಾರಾಳವಾಗಿ.

ಇನ್ನು ಅಳತೆ. ಹಾಯಿದೋಣಿಯ ಒಳಗೆ ಚೌಕ ಎಂಬುದೇ ಇಲ್ಲ. ಮೂತಿಯ ಕಡೆಗಿನ ಮಲಗುವ ಜಾಗ ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ, ದೋಣಿಯ ಒಡಲು ಮೇಲಕ್ಕೆ ಹೋದಂತೆ ಹೊರಕ್ಕೆ ಬಾಗುತ್ತದೆ. ಹಾಗಾಗಿ ಮೆತ್ತೆಯ ಮೇಲ್ಮೈ ಅಡಿಭಾಗಕ್ಕಿಂತ ಅಗಲ, ಅಂಚು ಓರೆ. ಹಳೆಯ ಮೆತ್ತೆಯನ್ನೇ ಮಾದರಿ ಮಾಡಿಕೊಳ್ಳಬೇಡಿ. ಅದು ಕುಗ್ಗಿ ಆಕಾರ ಕಳೆದುಕೊಂಡಿರುತ್ತದೆ. ದಪ್ಪ ಕಾಗದವನ್ನು ಹಲಗೆಯ ಮೇಲೆ ಹಾಸಿ ಒಂದು ನಕ್ಷೆ, ಫೋಮಿನ ದಪ್ಪದಷ್ಟು ಎತ್ತರದಲ್ಲಿ ಇನ್ನೊಂದು ನಕ್ಷೆ ಕತ್ತರಿಸಿ. ಪ್ರತಿಯೊಂದರ ಮೇಲೂ ಬಲ, ಎಡ, ಮೇಲೆ, ಕೆಳಗೆ ಎಂದು ಬರೆದಿಡಿ. ಬಲಗಡೆಯ ನಕ್ಷೆಯನ್ನು ಮಗುಚಿ ಎಡಕ್ಕೆ ಬಳಸುವ ಉಪಾಯ ಬೇಡ. ಎರಡು ಬದಿಯೂ ಕರಾರುವಾಕ್ಕಾಗಿ ಒಂದೇ ಇರುವ ದೋಣಿ ಅಪರೂಪ. ಮೆತ್ತೆಯ ಅಡಿಯಲ್ಲಿ ನೀರಿನ ಟ್ಯಾಂಕಿನ ಮುಚ್ಚಳ ಇದೆಯೇ ನೋಡಿ, ಇದ್ದರೆ ಅಲ್ಲಿಗೆ ಸರಿಯಾಗಿ ಮೆತ್ತೆಯನ್ನು ತುಂಡು ಮಾಡಿ. ಹೊಲಿದು ಮುಗಿದ ಮೆತ್ತೆ ದೋಣಿಯ ಬಾಗಿಲಲ್ಲಿ ತೂರಬೇಕು ಎಂಬುದನ್ನೂ ಮರೆಯಬೇಡಿ. ನಗಬೇಡಿ, ಆ ಬಾಗಿಲು ನಮ್ಮ ಅಟ್ಟದ ಕಿಂಡಿಗಿಂತ ದೊಡ್ಡದೇನೂ ಅಲ್ಲ.

ಕವಚವನ್ನು ಫೋಮಿಗಿಂತ ಅರ್ಧ ಇಂಚು ಚಿಕ್ಕದಾಗಿ ಹೊಲಿದರೆ ಮೆತ್ತೆ ಸುಕ್ಕಿಲ್ಲದೆ ಬಿಗಿಯಾಗಿ ನಿಲ್ಲುತ್ತದೆ. ಆದರೆ ಅಷ್ಟು ದೊಡ್ಡ ಫೋಮನ್ನು ಚಿಕ್ಕ ಕವಚಕ್ಕೆ ತುರುಕುವುದು ಹೇಗೆ? ಫೋಮನ್ನು ತೆಳು ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ, ಚೀಲದ ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಕೊಟ್ಟು ಅಂಗೈಯಿಂದ ಬಿಗಿಹಿಡಿಯಿರಿ. ಯಂತ್ರ ಹಾಕಿದ ಕೂಡಲೇ ಗಾಳಿ ಹೋಗಿ ಫೋಮ್ ಚಪ್ಪಟೆಯಾಗುತ್ತದೆ. ಆ ಸ್ಥಿತಿಯಲ್ಲೇ ಕವಚದೊಳಗೆ ಜಾರಿಸಿ, ಮೂಲೆಗೆ ಮೂಲೆ ಹೊಂದಿಸಿ, ಕೊಳವೆ ತೆಗೆದರೆ ಫೋಮ್ ಉಬ್ಬಿ ಮೂಲೆಮೂಲೆಗೂ ತುಂಬಿಕೊಳ್ಳುತ್ತದೆ. ಕೊನೆಗೆ ಚೀಲವನ್ನು ಎಳೆದು ತೆಗೆಯಲೇಬೇಕು. ಒಳಗೆ ಉಳಿದರೆ ನಾವು ಮಾಡಿಕೊಟ್ಟ ಗಾಳಿಯ ದಾರಿ ಮುಚ್ಚಿದಂತೆ.

ಜಿಪ್ ಪ್ಲಾಸ್ಟಿಕ್ಕಿನದೇ ಇರಲಿ. ಹಿತ್ತಾಳೆಯೂ ಉಪ್ಪಿಗೆ ಕಿಲುಬು ಹಿಡಿಯುತ್ತದೆ. ದಾರ ಪಾಲಿಯೆಸ್ಟರ್, ಹತ್ತಿಯ ದಾರ ಕೊಳೆಯುತ್ತದೆ. ಬಟ್ಟೆಯಲ್ಲಿ, ಎಳೆ ತಯಾರಾಗುವಾಗಲೇ ಬಣ್ಣ ಸೇರಿಸಿದ ಅಕ್ರಿಲಿಕ್ ಬಿಸಿಲಿಗೂ ಬೂಷ್ಟಿಗೂ ಚೆನ್ನಾಗಿ ತಡೆಯುತ್ತದೆ. ರೆಕ್ಸಿನ್ ಒರೆಸಲು ಸುಲಭ, ಆದರೆ ನಮ್ಮ ಸೆಕೆಯಲ್ಲಿ ಬರಿ ಬೆನ್ನಿಗೆ ಅಂಟುತ್ತದೆ. ವೆಲ್ವೆಟ್ ಬೇಕೆಂದು ಹಟ ಹಿಡಿಯುವವರಿಗೆ ನಾನು ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ.

ಹಾಯಿದೋಣಿಗೆ ಇನ್ನೊಂದು ವಿಶೇಷವಿದೆ. ಅದು ಗಾಳಿಗೆ ಓರೆಯಾಗಿ ಸಾಗುತ್ತದೆ, ಕೆಲವೊಮ್ಮೆ ದಿನಗಟ್ಟಲೆ. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ತಾರಿಣಿ ಎಂಬ 17 ಮೀಟರಿನ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಅಂಥ ಯಾನದಲ್ಲಿ ಮಲಗುವ ಜಾಗ ಅಗಲವಾಗಿದ್ದರೆ ಉಪಕಾರಕ್ಕಿಂತ ಉಪದ್ರವೇ ಹೆಚ್ಚು, ಮಲಗಿದವರು ಉರುಳುತ್ತಾರೆ. ಕಿರಿದಾದ ಹಾಸಿಗೆ, ಅದರ ಅಡಿಯಿಂದ ಎದ್ದು ಬಂದು ಮೇಲಕ್ಕೆ ಹಗ್ಗದಿಂದ ಬಿಗಿಯುವ ಗಟ್ಟಿ ಬಟ್ಟೆಯ ತಡೆ, ಇಷ್ಟಿದ್ದರೆ ನಿದ್ದೆ ಬರುತ್ತದೆ. ಆ ತಡೆಯ ಬಟ್ಟೆಯನ್ನು ಹಲಗೆಗೆ ತಿರುಪು ಹಾಕಿ ಬಿಗಿಯಬೇಕು, ಮೆತ್ತೆಗೆ ಹೊಲಿದರೆ ಮನುಷ್ಯನ ಜೊತೆಗೆ ಮೆತ್ತೆಯೂ ಉರುಳೀತು.

ಮಳೆಗಾಲದಲ್ಲಿ ದೋಣಿ ಕಟ್ಟಿಹಾಕುವವರು ಮೆತ್ತೆಗಳನ್ನು ಮನೆಗೆ ತನ್ನಿ. ಪ್ಲಾಸ್ಟಿಕ್ ಸುತ್ತಿ ಇಡಬೇಡಿ. ತರಲಾಗದಿದ್ದರೆ ಅಲ್ಲಿಯೇ ಒಂದಕ್ಕೊಂದು ತಾಗದಂತೆ ಅಂಚಿನ ಮೇಲೆ ನಿಲ್ಲಿಸಿ, ಅಡಿಯ ಮುಚ್ಚಳಗಳನ್ನು ತೆರೆದಿಡಿ. ಕೈಯಲ್ಲಿ ಹಣ ಕಡಿಮೆ ಇದ್ದರೆ ಈ ವರ್ಷ ಫೋಮ್ ಬದಲಿಸಿ, ಹಳೆಯ ಕವಚವನ್ನೇ ಒಗೆದು ಹಾಕಿ. ಬಣ್ಣದ ಮಾತು ಮುಂದಿನ ವರ್ಷಕ್ಕಿರಲಿ. ನಮಸ್ಕಾರ.